ಜಾಹೀರಾತು ಮುಗಿಯುವವರೆಗೆ

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಅವಳ ಗಂಡ ಮೈಕಣ್ಣ. ಬಸ್ ನಿಲ್ದಾಣದ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಪ್ಲಾಟ್‌ಫಾರಂನಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಹೇಳುವುದು ಅವನ ಕೆಲಸವಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಇಬ್ಬರಲ್ಲಿ ಯಾರ ಬಾಯಿ ದೊಡ್ಡದು ಎಂಬ ವಿಷಯದಲ್ಲಿ ಬೀದಿಯಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಅವನು ಸಂಬಳ ತೆಗೆದುಕೊಂಡು ಮಾತಾಡುವವನು, ಅವಳು ಪುಕ್ಕಟೆ ಮಾತಾಡುವವಳು.

ಸಂಜೆ ಟೀವಿಯಲ್ಲಿ ಕ್ವಿಜ್ ಶುರುವಾದರೆ ಆ ಮನೆಯಲ್ಲಿ ಹೊಲಿಗೆ ಯಂತ್ರವೂ ನಿಲ್ಲುತ್ತಿತ್ತು. ಆ ಆಟಕ್ಕೆ ಮನೆಯದೇ ಆದ ಕಾಯಿದೆ ಇತ್ತು. ಟೀವಿಯಲ್ಲಿ ಕೂತ ಸ್ಪರ್ಧಿ ಬಾಯಿ ಬಿಡುವ ಮೊದಲೇ ಕುರ್ಚಿಯ ಕೈ ತಟ್ಟಬೇಕು, ತಟ್ಟಿದ ಕೂಡಲೇ ಉತ್ತರ ಹೇಳಬೇಕು. ತಡಮಾಡಿದರೆ ಲೆಕ್ಕಕ್ಕಿಲ್ಲ. ಸೋತವರು ಟೀ ಮಾಡಬೇಕು. ತಟ್ಟುವುದರಲ್ಲಿ ಟೈಲರಮ್ಮನನ್ನು ಮೀರಿಸುವವರು ಹುಟ್ಟಿರಲಿಲ್ಲ. ಅವಳು ಹೇಳುವ ಉತ್ತರ ಮಾತ್ರ ದೇವರಿಗೇ ಪ್ರೀತಿ. ಪ್ರಪಂಚದ ಎಲ್ಲ ನದಿಗಳೂ ಅವಳ ಪ್ರಕಾರ ಒಂದೇ ಕಡೆ ಹುಟ್ಟುತ್ತಿದ್ದವು. ಹಾಗಾಗಿ ಮದುವೆಯಾದಾಗಿನಿಂದ ಸಂಜೆಯ ಟೀ ಅವಳ ಪಾಲಿಗೇ ಬಂದಿತ್ತು. ಮೂಲೆಯ ಮಂಚದ ಮೇಲೆ ಕೂರುವ ಅತ್ತೆ ಈ ಆಟಕ್ಕೆ ಅಂಪೈರು. ಅವರಿಗೆ ಕೇಳಿಸುವುದು ಅರ್ಧ, ಆದರೆ ತೀರ್ಪನ್ನು ಪೂರ್ತಿ ಕೊಡುತ್ತಿದ್ದರು.

ಒಂದು ದಿನ ಬೆಳಿಗ್ಗೆ, ಜನ ತುಂಬಿ ತುಳುಕುವ ಹೊತ್ತಿನಲ್ಲಿ, ನಿಲ್ದಾಣದ ಧ್ವನಿವರ್ಧಕಗಳಿಂದ ಅರ್ಥವಿಲ್ಲದ ಮಾತು ಬರತೊಡಗಿತು. ಬಸ್ಸಿನ ಬದಲು ಬಕೆಟ್ಟು ಎಂದಿತು, ಊರಿನ ಬದಲು ಇನ್ನೇನೋ ಎಂದಿತು, ಆಮೇಲೆ ಬರೀ ಉಸಿರು. ಮೈಕು ಕೆಟ್ಟಿದೆ ಎಂದು ಜನ ತಲೆಯೆತ್ತಿ ನೋಡಿದರು. ಕೆಟ್ಟದ್ದು ಮೈಕಲ್ಲ. ಮೈಕಣ್ಣನ ತಲೆಯೊಳಗೆ ರಕ್ತ ಕಟ್ಟಿಕೊಂಡಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಸರಿಹೋಯಿತು, ಕೈಯೂ ಸರಿಹೋಯಿತು. ಮಾತು ಮಾತ್ರ ಬರಲಿಲ್ಲ. ಮಾತಿನ ತರಬೇತಿ ಕೊಡುವ ಮೇಡಂ ಟೈಲರಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. "ಅವರಿಗೆ ಎಲ್ಲಾ ಗೊತ್ತಾಗುತ್ತೆ. ಪದಗಳೆಲ್ಲ ಒಳಗೇ ಇವೆ. ಹುಡುಕಿ ತರೋದಕ್ಕೆ ಹೊತ್ತು ಬೇಕು, ಅಷ್ಟೇ. ನೀವು ಬಾಯಿಗೆ ತುರುಕಬೇಡಿ. ಕಾಯಿರಿ."

"ಕಾಯ್ತೀನಿ ಮೇಡಂ," ಎಂದು ಟೈಲರಮ್ಮ ಅವರ ಮಾತು ಮುಗಿಯುವ ಮುಂಚೆಯೇ ಹೇಳಿದಳು.

ಕಾಯುವುದೆಂದರೆ ಏನೆಂದು ಅವಳಿಗೆ ಗೊತ್ತಿದ್ದರೆ ತಾನೆ? ಮೈಕಣ್ಣ ತುಟಿ ಅಲ್ಲಾಡಿಸಿದರೆ ಸಾಕು, ಅವಳು ನೀರು ತಂದಿಟ್ಟಿರುತ್ತಿದ್ದಳು. ಅವನಿಗೆ ಬೇಕಾದದ್ದು ಕನ್ನಡಕ. ಹಣ್ಣಿನಂಗಡಿಯವನು ಹೇಗಿದ್ದೀರಿ ಅಣ್ಣ ಎಂದು ಕೇಳಿದರೆ ಅವಳೇ "ಚೆನ್ನಾಗಿದ್ದಾರೆ" ಎನ್ನುತ್ತಿದ್ದಳು. ಸಂಜೆ ಕ್ವಿಜ್ ಬಂದಾಗ ಅವನು ಕುರ್ಚಿ ತಟ್ಟಿ ಬಾಯಿ ತೆರೆದರೆ, ಪಾಪ ಅವರಿಗೆ ಕಷ್ಟ ಎಂದುಕೊಂಡು ಅವಳೇ ಅವನ ಪರವಾಗಿ ಒಂದು ಉತ್ತರ ಕೂಗಿ, "ನಿಮ್ಮ ಮನಸ್ಸಲ್ಲಿದ್ದದ್ದು ಅದೇ ತಾನೇ ರೀ?" ಎಂದು ಕೇಳುತ್ತಿದ್ದಳು. ಅದಾಗಿರುತ್ತಿರಲಿಲ್ಲ. ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಅದನ್ನು ಅವಳು ಆಯಾಸ ಎಂದು ತಿಳಿದಳು.

ರಜೆ ಮುಗಿಯುತ್ತ ಬಂದಾಗ ನಿಲ್ದಾಣದ ಕಚೇರಿಯಿಂದ ಕರೆ ಬಂತು. ಮೈಕಣ್ಣ ಮತ್ತೆ ಕೆಲಸಕ್ಕೆ ಲಾಯಕ್ಕೋ ಅಲ್ಲವೋ ಎಂದು ಸಾಹೇಬರು ಮಾತಾಡಿಸಿ ನೋಡಬೇಕಿತ್ತು. ಅಲ್ಲ ಎಂದಾದರೆ ಮನೆಗೆ. ಟೈಲರಮ್ಮ ಅವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಜೊತೆಗೆ ಹೋದಳು. ಸಾಹೇಬರು ಒಳ್ಳೆಯ ಮನುಷ್ಯ. ಮೊದಲು ಸುಲಭದ್ದೇ ಕೇಳಿದರು.

"ಇವತ್ತು ಯಾವ ವಾರ?"

ಮೈಕಣ್ಣ ಬಾಯಿ ತೆರೆದ. ಗಂಟಲಿನಿಂದ ಏನೋ ಒಂದು ಸದ್ದು ಏಳುತ್ತಿತ್ತು. ಅಷ್ಟರಲ್ಲಿ ಸಾಹೇಬರ ಮೇಜಿನ ಮೇಲೆ ಫಟಾರನೆ ಒಂದು ಏಟು ಬಿತ್ತು. ನೀರಿನ ಲೋಟ ಕುಣಿಯಿತು.

"ಬುಧವಾರ!" ಎಂದು ಟೈಲರಮ್ಮ ಕೂಗಿಬಿಟ್ಟಿದ್ದಳು.

ಅವಳು ತನ್ನ ಅಂಗೈಯನ್ನೇ ನೋಡಿದಳು. ಪ್ರಶ್ನೆ ಕಿವಿಗೆ ಬಿದ್ದರೆ ಕೈ ತಟ್ಟುವುದು ಅಷ್ಟು ವರ್ಷಗಳ ಚಾಳಿ. ಚಾಳಿಗೆ ಕಚೇರಿ ಯಾವುದು, ಮನೆ ಯಾವುದು?

"ಇವತ್ತು ಗುರುವಾರ ಅಮ್ಮ," ಎಂದರು ಸಾಹೇಬರು ಲೋಟ ಸರಿಸಿಡುತ್ತ. "ನಾನು ಪರೀಕ್ಷೆ ಮಾಡ್ತಿರೋದು ನಿಮ್ಮನ್ನಲ್ಲ. ಇನ್ನೊಂದೆರಡು ತಿಂಗಳು ರಜೆ ಮುಂದುವರಿಸ್ತೀನಿ, ನನ್ನ ಕೈಲಿ ಆಗೋದು ಅಷ್ಟೇ. ಮುಂದಿನ ಸಲ ಅವರು ಮಾತಾಡಬೇಕು. ಇಲ್ಲಾಂದ್ರೆ ನನಗೆ ಬೇರೆ ದಾರಿಯಿಲ್ಲ."

ಹೊರಗೆ ಬಂದರು. ಮೈಕಣ್ಣ ಅವಳು ಹಿಡಿಯಲು ಬಂದ ಕೈಯನ್ನು ಕೊಡವಿ ಮುಂದೆ ಮುಂದೆ ನಡೆದ. ಗೇಟಿನ ಹತ್ತಿರ ನಿಂತ. ಕತ್ತಿನ ನರ ಬಿಗಿದು, ಮುಖ ಕೆಂಪಾಗಿ, ಕೊನೆಗೆ ಬಾಯಿಂದ ಹೊರಬಿತ್ತು: "ಗು... ಗುರು... ವಾರ."

ಟೈಲರಮ್ಮನಿಗೆ ಆಗ ಅರ್ಥವಾಯಿತು. ಒಳಗೆ ಸಾಹೇಬರ ಮುಂದೆ ಏಳುತ್ತಿದ್ದ ಸದ್ದು ಅದೇ ಆಗಿತ್ತು. ಸರಿಯಾದ ಉತ್ತರ ಬರುತ್ತಿತ್ತು, ಅವನ ಬಾಯಿಗೆ ತಾನೇ ಬಟ್ಟೆ ತುರುಕಿದ್ದಳು. ತಪ್ಪು ಉತ್ತರ ಹೇಳಿದ ನಾಚಿಕೆಗಿಂತ ಈ ಸಂಕಟ ನೂರು ಪಾಲು ಹೆಚ್ಚಾಗಿತ್ತು. ದಾರಿಯುದ್ದಕ್ಕೂ ಅವಳು ಅತ್ತಳು. ಅವನು ತಿರುಗಿಯೂ ನೋಡಲಿಲ್ಲ.

ಆ ವಾರ ಕ್ವಿಜ್‌ನಲ್ಲಿ ಜೋಡಿ ಸುತ್ತು. ಗಂಡ ಹೆಂಡತಿ ಒಟ್ಟಿಗೆ ಕೂರಬೇಕು. ಬಂದ ಜೋಡಿಯಲ್ಲಿ ಹೆಂಡತಿಯದೇ ಕಾರುಬಾರು. ಗಂಡ ಪಾಪ ಬಾಯಿ ತೆರೆಯುವುದು, ಮುಚ್ಚುವುದು. ಮೂರನೆಯ ತಪ್ಪು ಉತ್ತರಕ್ಕೆ ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಅವರಿಗೂ ಬಾಯಿ ಬಿಡೋದಕ್ಕೆ ಬಿಡೇ ತಾಯಿ! ಅವರಿಗೆ ಗೊತ್ತಿದೆ ಅಂತ ಮುಖ ನೋಡಿದ್ರೆ ಗೊತ್ತಾಗಲ್ವಾ?"

ಮಂಚದಿಂದ ಅತ್ತೆಯ ದನಿ ಬಂತು. "ಅವಳಿಗೆ ಇಲ್ಲಿಂದ ಕೇಳಿಸಲ್ವೇ. ಈ ಮನೆಯಲ್ಲಿ ಯಾರಿಗಾದ್ರೂ ಕೇಳಿಸ್ತಾ ಅಂತ ನೋಡು."

ಅರ್ಧ ಕಿವುಡಿಯ ಬಾಯಲ್ಲಿ ಈ ಮಾತು! ಟೈಲರಮ್ಮ ತಿರುಗಿದಳು. ಮೈಕಣ್ಣ ಟೀವಿ ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡು ಅಡುಗೆಮನೆಗೆ ಹೋಗಿ, ಯಾರೂ ಸೋಲದಿದ್ದರೂ ಟೀಗೆ ಇಟ್ಟಳು. ನೀರು ಕುದಿಯುವುದನ್ನು ನೋಡುತ್ತ ಒಂದು ತೀರ್ಮಾನಕ್ಕೆ ಬಂದಳು. ಅವಳ ತೀರ್ಮಾನವೆಂದರೆ ಉಡದ ಹಿಡಿತ.

ಮರುದಿನದಿಂದ ಅವಳು ಕಾರ್ಯಕ್ರಮವನ್ನು ಬೇರೆ ಕಣ್ಣಿನಿಂದ ನೋಡತೊಡಗಿದಳು. ಚೆನ್ನಾಗಿ ಹೊಲಿದ ಕೋಟು ಕೈಗೆ ಸಿಕ್ಕರೆ ಒಳಮಗ್ಗುಲು ತಿರುವಿ, ಎಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ನೋಡುವುದು ಅವಳ ಅಭ್ಯಾಸ. ಕ್ವಿಜ್ಜನ್ನೂ ಹಾಗೇ ತಿರುವಿ ನೋಡಿದಳು. ಇಷ್ಟು ವರ್ಷ ಪ್ರಶ್ನೆ ಉತ್ತರಗಳನ್ನು ಮಾತ್ರ ಕೇಳಿದ್ದಳು, ಈಗ ನಡುವಿನ ಜಾಗ ಕಾಣತೊಡಗಿತು. ಕಾರ್ಯಕ್ರಮ ನಡೆಸುವ ಕೋಟಿನ ಮನುಷ್ಯ ಎಷ್ಟು ಎಳೆಯುತ್ತಾನೆ! ಪ್ರಶ್ನೆಯನ್ನು ಎರಡೆರಡು ಸಲ ಓದುತ್ತಾನೆ. ಸ್ಪರ್ಧಿಯ ಮಕ್ಕಳು ಮರಿ ವಿಚಾರಿಸುತ್ತಾನೆ. ಅಲ್ಲಾಡದೆ ಅವರ ಮುಖವನ್ನೇ ನೋಡುತ್ತ ಕೂರುತ್ತಾನೆ, ಒಂದಕ್ಷರ ಆಡುವುದಿಲ್ಲ. ಇನ್ನೇನು ಉತ್ತರ ಬಂತು ಎನ್ನುವಾಗ ಜಾಹೀರಾತು. "ಹಾಳಾದವನು, ಹೊಟ್ಟೆ ಉರಿಸ್ತಾನೆ" ಎಂದು ಅವನಿಗೆ ಹಿಡಿ ಶಾಪ ಹಾಕಿದ್ದವಳು ಅವಳೇ. ಗಡಿಬಿಡಿ ಮಾಡಿದ ಸ್ಪರ್ಧಿಗಳು ಎಡವುತ್ತಾರೆ, ಅವನು ಎಳೆದಷ್ಟೂ ಹೊತ್ತು ಸುಮ್ಮನೆ ಕೂತವರ ಬಾಯಿಂದ ಮರೆತದ್ದೂ ಬರುತ್ತದೆ. ಅಷ್ಟು ಸುಮ್ಮನಿರುವುದಕ್ಕೇ ಆ ಮನುಷ್ಯನಿಗೆ ಸಂಬಳ ಕೊಡುತ್ತಾರೆ ಎಂದು ಅವಳಿಗೆ ಹೊಳೆಯಿತು.

ಮನೆಯ ಕಾಯಿದೆ ಬದಲಾಯಿತು. ಅವಳೇ ನಿಂತು ಘೋಷಿಸಿದಳು.

"ಇವತ್ತಿಂದ ತಟ್ಟೋ ಹಾಗಿಲ್ಲ. ಜಾಹೀರಾತು ಮುಗಿಯೋವರೆಗೆ ಟೈಮು. ತಪ್ಪು ಪದ ಬಂದ್ರೆ ಪರವಾಗಿಲ್ಲ, ಇನ್ನೊಂದು ಹುಡುಕಬಹುದು. ಅತ್ತೆ, ನಾನು ಮಧ್ಯೆ ಬಾಯಿ ಹಾಕಿದ್ರೆ ಟೀ ನಂದು."

"ಟೀ ಯಾವಾಗ ನಿಂದಲ್ಲದೆ ಇತ್ತು?" ಎಂದರು ಅತ್ತೆ.

ಹೇಳುವುದು ಸುಲಭ. ಅವಳ ನಾಲಿಗೆ ಹೇಳಿದ ಮಾತು ಕೇಳುವ ಜಾತಿಯದಲ್ಲ. ಎರಡು ದಿನ ಸೋತ ಮೇಲೆ ಅವಳು ತನ್ನ ಕಸುಬಿನಿಂದಲೇ ಉಪಾಯ ತೆಗೆದಳು. ಪ್ಯಾಂಟಿನ ಅಂಚು ಮಡಿಸುವಾಗ ಗುಂಡುಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದುಂಟಲ್ಲ, ಆಗ ಯಾರು ಕರೆದರೂ ಹೂಂ ಎನ್ನಲೂ ಆಗುವುದಿಲ್ಲ. ಕ್ವಿಜ್ ಶುರುವಾಗುವ ಹೊತ್ತಿಗೆ ಸರಿಯಾಗಿ ಒಂದು ಪ್ಯಾಂಟು ತೊಡೆಯ ಮೇಲೆ, ಒಂದು ಸಾಲು ಪಿನ್ನು ತುಟಿಯಲ್ಲಿ. ಬಾಯಿಗೆ ಬೀಗ ಎಂದರೆ ಇದು.

ಮೊದಮೊದಲು ಏನೂ ಆಗಲಿಲ್ಲ. ಸಮುದ್ರದ ಅತಿ ದೊಡ್ಡ ಪ್ರಾಣಿ ಯಾವುದು ಎಂದರೆ ಮೈಕಣ್ಣ "ಛತ್ರಿ" ಎಂದ. ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನೇ ಹಣೆ ಚಚ್ಚಿಕೊಂಡ. "ಕುರ್ಚಿ" ಎಂದ. ಟೀವಿಯಲ್ಲಿ ಸೋಪು ಹೋಯಿತು, ಹಲ್ಲಿನ ಪುಡಿ ಹೋಯಿತು. ಉತ್ತರ ಟೈಲರಮ್ಮನಿಗೂ ಗೊತ್ತಿತ್ತು. ಅಪರೂಪಕ್ಕೆ ಗೊತ್ತಿದ್ದ ಉತ್ತರ! ಅದು ಗಂಟಲಿಗೆ ಬಂದು ಪಿನ್ನುಗಳ ಹಿಂದೆ ಒದ್ದಾಡುತ್ತಿತ್ತು. ಕೊನೆಯ ಜಾಹೀರಾತಿನ ಹಾಡು ಮುಗಿಯುತ್ತಿದ್ದಾಗ ಅವನು "ತಿಮಿ" ಎಂದ. ಕಣ್ಣು ಮುಚ್ಚಿಕೊಂಡ. "ತಿಮಿಂಗಿಲ."

ಅವಳ ಬಾಯಿಂದ ಪಿನ್ನುಗಳು ನೆಲದ ಮೇಲೆಲ್ಲ ಚೆಲ್ಲಿದವು. ಅವಳು ಅವನ್ನು ಹೆಕ್ಕುತ್ತ ಅಳುತ್ತ ನಗುತ್ತ ಕೂತಳು. ಅತ್ತೆ ಏನಾಯಿತೆಂದು ಎರಡು ಸಲ ಕೇಳಿಸಿಕೊಂಡು, ನಂತರ "ಸರಿ ಉತ್ತರ" ಎಂದು ತೀರ್ಪು ಕೊಟ್ಟರು.

ಅಲ್ಲಿಂದಾಚೆ ದಾರಿ ನೆಟ್ಟಗಿರಲಿಲ್ಲ. ಒಂದು ಸಂಜೆ ಒಂದೂ ಪದ ಬಾರದೆ ಮೈಕಣ್ಣ ರಿಮೋಟನ್ನು ಗೋಡೆಗೆ ಎಸೆದ. ಅವಳು ಬಿಡಲಿಲ್ಲ, ರಿಮೋಟಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮರುದಿನವೂ ಅದೇ ಹೊತ್ತಿಗೆ ಟೀವಿ ಹಾಕಿದಳು. ಹಣ್ಣಿನಂಗಡಿಯವನು ಎಷ್ಟು ಬೇಕೆಂದು ಅವಳ ಮುಖ ನೋಡಿದರೆ ಅವಳು ಆಕಾಶ ನೋಡುತ್ತಿದ್ದಳು. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಿದ್ದರು. ಗೊಣಗಲಿ ಎಂದು ಅವಳು ಚೀಲ ಹಿಡಿದು ಬಂಡೆಯಂತೆ ನಿಲ್ಲುತ್ತಿದ್ದಳು. "ಅರ್ಧ... ಕೆಜಿ" ಬರುವವರೆಗೆ ಅಂಗಡಿಯವನೂ ಕಾಯುವುದನ್ನು ಕಲಿತ. ಬೀದಿಯಲ್ಲಿ ಸುದ್ದಿಯಾದದ್ದು ಮೈಕಣ್ಣನ ಮಾತಲ್ಲ, ಟೈಲರಮ್ಮನ ಮೌನ. ಅವಳಿಗೂ ಏನೋ ಕಾಯಿಲೆಯಂತೆ ಎಂದು ಕೆಲವರು ನೋಡಿಹೋಗಲು ಬಂದರು.

ಎರಡನೆಯ ಸಲ ಕಚೇರಿಗೆ ಹೋಗುವಾಗ ಅವಳು ಪಿನ್ನು ಒಯ್ದಿರಲಿಲ್ಲ. ಅಲ್ಲಿ ತನ್ನ ಬಾಯಿ ತಾನೇ ಹಿಡಿಯಬೇಕು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಸಾಹೇಬರು ಲೋಟವನ್ನು ಮೊದಲೇ ದೂರ ಸರಿಸಿದರು.

ವಾರ ಕೇಳಿದರು. ಬಂತು. ಹುಟ್ಟಿದ ಊರು ಕೇಳಿದರು. ಬೇರೆ ಯಾವುದೋ ಊರು ಬಂತು, ಅವನು ತಲೆಯಾಡಿಸಿ ಅದನ್ನು ಅಳಿಸಿ ಸರಿಯಾದದ್ದು ತಂದ. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಸಾಹೇಬರು ಪೆನ್ನು ಕೆಳಗಿಟ್ಟು ಯೋಚಿಸಿದರು.

"ಬಹಳ ಸುಧಾರಿಸಿದ್ದೀರಿ. ಆದರೆ ಮೈಕು ಕಷ್ಟ. ನೋಡಿ, ಸ್ಟೋರಿನಲ್ಲಿ ಒಂದು ಜಾಗ ಇದೆ. ಟೈರು, ಬಿಡಿಭಾಗ ನೋಡ್ಕೋಬೇಕು. ಯಾರ ಹತ್ರಾನೂ ಮಾತಾಡೋ ತಾಪತ್ರಯ ಇಲ್ಲ. ರಿಟೈರ್ ಆಗೋವರೆಗೆ ಯೋಚನೆ ಇಲ್ಲ. ಇವತ್ತೇ ಬರೆದುಕೊಡ್ತೀನಿ. ಒಪ್ಪಿಗೆನಾ?"

ಟೈಲರಮ್ಮನ ಎದೆ ಹಗುರಾಯಿತು. ಒಪ್ಪಿಗೆ, ನೂರಕ್ಕೆ ನೂರು ಒಪ್ಪಿಗೆ! ಕೆಲಸ ಉಳಿಯಿತು, ನೆಮ್ಮದಿ ಉಳಿಯಿತು, ಇನ್ನೇನು ಬೇಕು? ಉತ್ತರ ತುದಿನಾಲಿಗೆಗೆ ಬಂದು ನಿಂತಿತು. ತೊಡೆಯ ಕೆಳಗೆ ಬಲಗೈ ಮಿಡುಕಿತು. ಗಂಡನ ಬಾಯಿ ಇನ್ನೂ ತೆರೆದೇ ಇತ್ತು. ಅವನೂ ಅದನ್ನೇ ಹೇಳುತ್ತಾನೆ, ಸುಮ್ಮನೆ ತಡ ಯಾಕೆ?

ಅವಳು ಉಗುಳು ನುಂಗಿದಳು. ಕಾಯ್ದಳು.

"ಬೇ," ಎಂದ ಮೈಕಣ್ಣ. "ಬೇ... ಡ." ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸಾಹೇಬರು ಏನೋ ಹೇಳಹೊರಟು, ಅವಳ ಮುಖ ನೋಡಿ ನಿಲ್ಲಿಸಿದರು. "ನನ್ನ... ಕೆಲಸ... ಮೈಕು."

ಒಂದು ಉಸಿರಿನಷ್ಟು ಮೊದಲು ತಾನು ಬಾಯಿ ಬಿಟ್ಟಿದ್ದರೆ ಈ ಮನುಷ್ಯ ಉಳಿದ ಆಯುಸ್ಸೆಲ್ಲ ಟೈರುಗಳ ನಡುವೆ ಮೂಗನಾಗಿ ಕೂರುತ್ತಿದ್ದ. ತಾನು ಉಪಕಾರ ಮಾಡಿದೆ ಎಂದುಕೊಂಡೇ ಇರುತ್ತಿದ್ದಳು.

"ನೀವೇನಂತೀರಿ ಅಮ್ಮ?" ಎಂದರು ಸಾಹೇಬರು. "ಸ್ವಲ್ಪ ತಿಳಿಸಿ ಹೇಳಿ ಅವರಿಗೆ."

"ಅವರು ಹೇಳಿದ್ರಲ್ಲ ಸಾರ್," ಎಂದಳು ಟೈಲರಮ್ಮ.

ಸಾಹೇಬರು ಇಬ್ಬರನ್ನೂ ನೋಡಿದರು, ಬೈಯುವುದೋ ನಗುವುದೋ ತಿಳಿಯದವರಂತೆ. ಕೊನೆಗೆ, ಬಸ್ಸು ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ ಒಂದು ತಿಂಗಳ ಮಟ್ಟಿಗೆ ಮೈಕು ಕೊಟ್ಟು ನೋಡೋಣ ಎಂದು ಬರೆದರು. ನಡೆಯದಿದ್ದರೆ ಆಗ ಸ್ಟೋರಿನ ಜಾಗ ಇರುತ್ತದೆ ಎಂದು ತಾನು ಮಾತು ಕೊಡಲಾರೆ ಎಂದೂ ಹೇಳಿದರು.

ಮೊದಲ ಮಧ್ಯಾಹ್ನ ಟೈಲರಮ್ಮ ಹೊಲಿಗೆ ನಿಲ್ಲಿಸಿ ನಿಲ್ದಾಣದ ಬೆಂಚಿನ ಮೇಲೆ ಹೋಗಿ ಕೂತಳು. ಧ್ವನಿವರ್ಧಕ ಕರಕರ ಎಂದಿತು. ಪ್ರಯಾಣಿಕರ ಗಮನಕ್ಕೆ, ಎಂದಿತು ಅವಳಿಗೆ ಗೊತ್ತಿದ್ದ ದನಿ, ಹಳೆಯ ದನಿಗಿಂತ ನಿಧಾನವಾಗಿ. ಎರಡನೆಯ ಪ್ಲಾಟ್‌ಫಾರಂನಿಂದ ಹೊರಡುವ ಬಸ್ಸು... ಎಂದು ಹೇಳಿ ನಿಂತುಬಿಟ್ಟಿತು. ಜನ ತಲೆಯೆತ್ತಿದರು. ಪಕ್ಕದಲ್ಲಿ ದೊಡ್ಡ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಮುದುಕ ಗಾಬರಿಯಿಂದ ಅವಳ ಕಡೆ ತಿರುಗಿದ.

"ಯಾವ ಊರಿಗಮ್ಮ? ನಿಂತೇಹೋಯ್ತಲ್ಲ. ನಿಮಗೆ ಗೊತ್ತಾ?"

ಅವಳಿಗೆ ಗೊತ್ತಿತ್ತು. ಎದುರಿಗೇ ಬಸ್ಸಿನ ಹಣೆಯ ಮೇಲೆ ಬೋರ್ಡಿತ್ತು.

"ಸ್ವಲ್ಪ ಇರಿ ಅಜ್ಜ," ಎಂದಳು. "ಅವರೇ ಹೇಳ್ತಾರೆ."