ಶಾಂತಕ್ಕನ ಕೊನೆಯ ಊರು

ಮೊನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನ್ನ ಮೊಬೈಲು ಒಂದು ಪ್ರಶ್ನೆ ಕೇಳಿತು. ಒಳಗೆ ಜಾಗ ತುಂಬಿದೆ, ಬಹಳ ದಿನದಿಂದ ಮುಟ್ಟದ ಈ ಆ್ಯಪನ್ನು ತೆಗೆದುಹಾಕಲೇ ಅಂತ. ಪಕ್ಕದಲ್ಲಿ ಒಂದು ಪುಟ್ಟ ಚಿತ್ರ: ಕಪ್ಪು ಚೌಕದಲ್ಲಿ ಹಳದಿ ದೀಪ. ಈಗ ಅದನ್ನು ಒತ್ತಿದರೆ ಏನೂ ತೆರೆಯುವುದಿಲ್ಲ. ಆದರೂ ಬೇಡ ಎಂದೆ. ಜಾಗವೇ ಬೇಕಿದ್ದರೆ ನಾನು ಸೂಟು ಹಾಕಿಕೊಂಡು ನಿಂತಿರುವ ಮದುವೆಯ ಫೋಟೋಗಳಿವೆ, ಅವು ಹೋದರೆ ಯಾರಿಗೂ ನಷ್ಟವಿಲ್ಲ.

ಗದಗಿನಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ನೋಟುಬುಕ್ಕಿನ ಅಂಗಡಿ. ಶಾಲೆ ಶುರುವಾಗುವ ದಿನಗಳಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ, ಉಳಿದ ದಿನಗಳಲ್ಲಿ ಪುರುಸೊತ್ತೇ ವ್ಯಾಪಾರ. ಅಂಥ ಒಂದು ದಿನ ಈ ಆಟ ನನ್ನ ಕೈಗೆ ಸಿಕ್ಕಿತು. ಅದರ ಪರದೇಶಿ ಹೆಸರು ನಮ್ಮ ಬಾಯಲ್ಲಿ ಹೊರಳಲಿಲ್ಲ, ಹೀಗಾಗಿ ನಮಗೆ ಅದು ದೀಪದಾಟ. ಯಾವುದೋ ಚಳಿಯ ದೇಶದಲ್ಲಿ ಮೂರೇ ಜನ ಕೂಡಿ ಮಾಡಿದ್ದಂತೆ. ಪ್ರತಿ ಹಂತವೂ ಒಂದು ಊರು, ಊರಿನ ತುಂಬ ಓಣಿಗಳು, ಓಣಿಗೊಂದು ದೀಪ. ನೀವು ಅಗಸೆಯಿಂದ, ಅಂದರೆ ಊರಬಾಗಿಲಿನಿಂದ ಹೊರಡಬೇಕು. ಒಂದು ಓಣಿಯಲ್ಲಿ ದೀಪ ಹತ್ತುತ್ತದೆ, ಮುಂದಿನ ಓಣಿಯಲ್ಲಿ ಹತ್ತುವುದಿಲ್ಲ, ಅದರ ಮುಂದಿನದರಲ್ಲಿ ಮತ್ತೆ ಹತ್ತುತ್ತದೆ. ಒಂದೊಂದು ಓಣಿಯಲ್ಲಿ ಎರಡೇ ಸಲ ಕಾಲಿಡಬಹುದು. ಬಿಟ್ಟುಹೋದ ದೀಪಗಳನ್ನೆಲ್ಲ ಎರಡನೆಯ ಸಲಕ್ಕೆ ಹಚ್ಚಿ ಅಗಸೆಗೆ ವಾಪಸು ಬಂದು ನಿಲ್ಲಬೇಕು. ಕೇಳಲು ಸುಲಭ, ನಾನು ಹನ್ನೆರಡನೆಯ ಊರಿನಲ್ಲಿ ಸಿಕ್ಕಿಬಿದ್ದವನು ಅಲ್ಲೇ ಮನೆ ಮಾಡಿದೆ.

ಮೂರು ವರ್ಷದ ಹಿಂದೆ ಲಕ್ಷ್ಮೇಶ್ವರದಲ್ಲಿರುವ ನನ್ನ ಅಕ್ಕ ಶಾಂತಕ್ಕನಿಗೆ ಮೊಣಕಾಲಿನ ಆಪರೇಷನ್ ಆಯಿತು. ಕುಂತಲ್ಲಿ ಕೂಡದ ಹೆಂಗಸು ಅವಳು. ಬೇಸರ ಕಳೆಯಲಿ ಎಂದು ಅವಳ ಮೊಬೈಲಿಗೆ ಈ ಆಟ ಹಾಕಿಕೊಟ್ಟೆ. ಹೇಗೆ ಆಡಬೇಕೆಂದು ಗತ್ತಿನಿಂದ ಹೇಳಿಕೊಟ್ಟವನೂ ನಾನೇ. ನಾಲ್ಕನೆಯ ದಿನ ಫೋನು ಮಾಡಿ, ನೀನು ಎಷ್ಟನೇ ಊರಿನಾಗ ಇದ್ದೀ ಅಂತ ಕೇಳಿದಳು. ಅವಳು ಇಪ್ಪತ್ತನೆಯದರಲ್ಲಿದ್ದಳು. ಅವತ್ತಿನಿಂದ ನಾನು ಗುರುವಿನ ಗತ್ತು ಬಿಟ್ಟೆ.

ಇದರ ಗುಟ್ಟು ನನಗೆ ತಡವಾಗಿ ಹೊಳೆಯಿತು. ಶಾಂತಕ್ಕ ನಲವತ್ತು ವರ್ಷದಿಂದ ಕಸೂತಿ ಹಾಕುವವಳು. ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಎಳೆ ಎಣಿಸಿ ಸೂಜಿ ಹಾಕುತ್ತ ಹೋಗಬೇಕು, ಒಂದು ಹೊಲಿಗೆ ಮೇಲೆ ಕಾಣುತ್ತದೆ, ಮುಂದಿನದು ಬಟ್ಟೆಯ ಕೆಳಗೆ. ತುದಿ ಮುಟ್ಟಿ, ಬಿಟ್ಟ ಜಾಗಗಳನ್ನು ತುಂಬುತ್ತ, ಬಂದ ದಾರಿಯಲ್ಲೇ ತಿರುಗಿ ಹೊರಟಲ್ಲಿಗೆ ಬರಬೇಕು. ಎಲ್ಲೂ ಗಂಟು ಹಾಕುವಂತಿಲ್ಲ. ಮುಗಿದಾಗ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಇರಬೇಕು. ಚಳಿಯ ದೇಶದ ಆ ಮೂವರು ಗೊತ್ತಿಲ್ಲದೆ ನಮ್ಮ ಅಕ್ಕನ ಕಸುಬನ್ನೇ ಆಟ ಮಾಡಿದ್ದರು.

ಆಟದ ಅಭಿಮಾನಿಗಳದೊಂದು ಗುಂಪು ಇಂಟರ್‌ನೆಟ್ಟಿನಲ್ಲಿತ್ತು. ಹನ್ನೆರಡನೆಯ ಊರಿನ ದಾರಿಯನ್ನು ಯಾರಾದರೂ ಹೇಳಿಯಾರೇ ಎಂಬ ಆಸೆಯಿಂದ ನಾನು ಅದನ್ನು ಸೇರಿದ್ದೆ. ಅಕ್ಕನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅಲ್ಲಿಯ ಸುದ್ದಿಯನ್ನು ನಾನು ಫೋನಿನಲ್ಲಿ ಓದಿ ಹೇಳುತ್ತಿದ್ದೆ. ಆಟ ಮಾಡಿದ ಮೂವರಲ್ಲಿ ಒಬ್ಬ ಅಲ್ಲಿಗೆ ಆಗಾಗ ಬಂದು ಹೋಗುತ್ತಿದ್ದ. ಅಕ್ಕ ಅವನಿಗೆ ದೀಪದವ ಎಂದು ಹೆಸರಿಟ್ಟಿದ್ದಳು. ದೀಪದವ ಏನಂದ, ದೀಪದವನ ಜ್ವರ ಬಿಟ್ಟಿತೇ ಎಂದೆಲ್ಲ ವಿಚಾರಿಸುವಳು. ನನ್ನ ಜ್ವರವನ್ನು ಅವಳು ಅಷ್ಟು ವಿಚಾರಿಸಿದ್ದು ನೆನಪಿಲ್ಲ.

ಒಂದು ದಿನ ದೀಪದವನ ದೊಡ್ಡ ಕಾಗದ ಬಂತು. ಇನ್ನು ನಡೆಸುವುದಾಗುವುದಿಲ್ಲ, ಕಂಪನಿ ಮುಚ್ಚುತ್ತಿದ್ದೇವೆ, ತಿಂಗಳ ಕೊನೆಗೆ ಸರ್ವರ್ ನಿಲ್ಲುತ್ತದೆ, ಆಮೇಲೆ ಯಾವ ಊರೂ ತೆರೆಯುವುದಿಲ್ಲ ಎಂದಿತ್ತು. ಗುಂಪಿನಲ್ಲಿ ದುಃಖವೋ ದುಃಖ. ಒಬ್ಬಳು ತಾಯಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೂವತ್ತು ಊರು ದಾಟಿದ್ದನ್ನು ಬರೆದಳು. ಇನ್ನೊಬ್ಬ, ನನಗೆ ಸ್ವಂತ ಊರಿಲ್ಲ, ಇವೇ ನನ್ನ ಊರುಗಳು ಎಂದ. ಆಟ ಮುಚ್ಚಿದರೆ ಇಷ್ಟೊಂದು ಅಳುವುದೇ ಎಂದು ನಾನು ಮೊದಲು ನಕ್ಕೆ. ಆಮೇಲೆ, ಹಿಂದೊಮ್ಮೆ ನಮ್ಮ ಊರಿನಲ್ಲಿ ಟಾಕೀಸೊಂದು ಮುಚ್ಚಿದಾಗ, ಅದರ ಬೀಗ ಹಾಕಿದ ಬಾಗಿಲ ಮುಂದೆ ಅರ್ಧ ಗಂಟೆ ನಿಂತು ಬಂದವನು ನಾನೇ ಎಂಬುದು ನೆನಪಾಯಿತು. ಮನೆಯಲ್ಲಿ ಕೇಳಿದ್ದಕ್ಕೆ ಸೈಕಲ್ ಪಂಕ್ಚರ್ ಆಗಿತ್ತು ಎಂದಿದ್ದೆ.

ಅಕ್ಕ ಅಳಲಿಲ್ಲ. ಅವಳಿಗೆ ಒಂದೇ ಊರು ಉಳಿದಿತ್ತು, ಕೊನೆಯದು. ಅದನ್ನು ಜಗತ್ತಿನಲ್ಲಿ ಯಾರೂ ಮುಗಿಸಿರಲಿಲ್ಲ. ಅದಕ್ಕೆ ದಾರಿಯೇ ಇಲ್ಲ, ಕಂಪನಿಯವರು ಗಡಿಬಿಡಿಯಲ್ಲಿ ಅರ್ಧಕ್ಕೇ ಬಿಟ್ಟಿದ್ದಾರೆ ಎಂದು ಗುಂಪಿನಲ್ಲಿ ಕೆಲವರು ಬರೆದರು. ದೀಪದವ ಅದಕ್ಕೆ ಏನೂ ಹೇಳಲಿಲ್ಲ. ಓದಿ ಹೇಳಿದಾಗ ಅಕ್ಕನಿಗೆ ಸಿಟ್ಟು ಬಂತು.

“ಇಷ್ಟು ಊರು ಚೊಕ್ಕ ಕಟ್ಟಿದವ್ರು ಕಡೀ ಊರಿಗೆ ಯಾಕ ಮೋಸ ಮಾಡ್ತಾರ? ಮುಚ್ಚಿಕೊಂಡು ಹೋಗೂ ಮಂದಿಗಿ ಈ ಮಾತು ಅನ್ನಬಾರದು. ನಾ ಮುಗಸೇ ತೋರಸ್ತೀನಿ.”

ಕೊನೆಯ ದಿನ ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕಕ್ಕೆ ಆಟ ನಿಲ್ಲುವುದಿತ್ತು. ನಾನು ಅಂಗಡಿಗೆ ಬೀಗ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಕ್ಕ ಪಡಸಾಲೆಯಲ್ಲಿ ಮೊಬೈಲು ಹಿಡಿದು ಕೂತಿದ್ದಳು, ಪಕ್ಕದಲ್ಲಿ ನೆರೆಮನೆಯ ರಮಿಜಾ. ಊರಿಗೆಲ್ಲ ಜಂಪರು ಹೊಲಿಯುವ ರಮಿಜಾ ಅವತ್ತು ಮಶೀನಿಗೆ ರಜೆ ಕೊಟ್ಟು ಬಂದಿದ್ದಳು. ಆ ಊರಿನ ನಟ್ಟನಡುವೆ ಬಳೆಯಂತೆ ಸುತ್ತಿದ ಎಂಟು ಓಣಿಗಳ ಮಧ್ಯೆ ಒಂದು ಗೋಪುರವಿತ್ತು. ಅಕ್ಕ ಪ್ರತಿ ಸಲವೂ ಅಲ್ಲಿಯತನಕ ಬಂದು ಅಲ್ಲೇ ಸೋಲುತ್ತಿದ್ದಳು. ನಾಲ್ಕಾಯಿತು. ಪರದೆಯ ಮೇಲೆ ಧನ್ಯವಾದ ಎಂಬ ಒಂದು ಶಬ್ದ ಬಂತು, ಆಮೇಲೆ ಕತ್ತಲು. ಅಕ್ಕ ಮೊಬೈಲನ್ನು ಬೋರಲಾಗಿ ಇಟ್ಟಳು. ಗುಂಪಿನಲ್ಲಿ ಅಷ್ಟೊತ್ತಿಗೆ ಒಬ್ಬ, ನೋಡಿದಿರಾ, ದಾರಿ ಇರಲೇ ಇಲ್ಲ ಎಂದು ಬರೆದಿದ್ದ. ಅದನ್ನೂ ಓದಿ ಹೇಳಿದ ಜಾಣ ನಾನು. ರಮಿಜಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ನನ್ನಿಂದ ಒಂದೇ ಒಂದು ಒಳ್ಳೆಯ ಕೆಲಸ ಆಗಿತ್ತು. ಝೆರಾಕ್ಸಿನವನ ಚಟ, ಕಂಡದ್ದನ್ನೆಲ್ಲ ಪ್ರತಿ ತೆಗೆಯುವುದು. ಆಟ ನಿಲ್ಲುವ ಮೊದಲೇ ಅಕ್ಕನ ಮೊಬೈಲಿನಿಂದ ಕೊನೆಯ ಊರಿನ ಚಿತ್ರಗಳನ್ನು ತುಂಡು ತುಂಡಾಗಿ ತೆಗೆದಿಟ್ಟುಕೊಂಡಿದ್ದೆ. ಅವನ್ನು ದೊಡ್ಡದು ಮಾಡಿ ಛಾಪಿಸಿ, ಅಂಟಿಸಿ, ಓಣಿಗಳನ್ನಷ್ಟೇ ಗ್ರಾಫ್ ಹಾಳೆಗೆ ಇಳಿಸಿ ಅಕ್ಕನಿಗೆ ತಲುಪಿಸಿದೆ. ಅವಳು ಒಂದು ಕಪ್ಪು ಅರಿವೆ ತೆಗೆದು, ಸೂಜಿಗೆ ಹಳದಿ ದಾರ ಪೋಣಿಸಿದಳು. ಒಂದು ಓಣಿಗೆ ಒಂದು ಹೊಲಿಗೆ.

ಒಂಬತ್ತನೆಯ ದಿನ ಬೆಳಿಗ್ಗೆ ಫೋನು ಬಂತು, ಜಲ್ದಿ ಬಾ ಅಂತ. ಹೋಗುವಷ್ಟರಲ್ಲಿ ಅಕ್ಕ ಮತ್ತು ರಮಿಜಾ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಗುಟ್ಟು ಹಿಡಿದವಳು ರಮಿಜಾ. ಗೋಪುರದ ಹತ್ತಿರ ಸೂಜಿ ಅರ್ಧ ಸುತ್ತು ಹೋಗಿ ಹಿಂದಕ್ಕೆ ತಿರುಗಿದ್ದನ್ನು ಕಂಡು ಅವಳು ಒಂದು ಮಾತು ಕೇಳಿದ್ದಳು. ಅದನ್ನು ನನ್ನೆದುರಿಗೆ ಮತ್ತೊಮ್ಮೆ ಹೇಳಿ ತೋರಿಸಿದಳು.

“ಅಕ್ಕಾರ, ಮೊಬೈಲಿನ್ಯಾಗ ನೀವು ಇಲ್ಲಿಗಿ ಬಂದ್ರ ಯಾವಾಗಲೂ ಬಲಕ್ಕ ಪೂರಾ ಸುತ್ತು ಹೊಡೀತಿದ್ರಿ. ಅರಿವ್ಯಾಗ ಯಾಕ ನಡುವ ತಿರುಗಿದ್ರಿ?”

ಅಕ್ಕನಿಗೆ ಆಗ ತಿಳಿದಿತ್ತು. ಗೋಪುರ ಕಂಡ ಕೂಡಲೇ ಅವಳ ಹೆಬ್ಬೆರಳು ಪ್ರದಕ್ಷಿಣೆ ಹಾಕುತ್ತಿತ್ತು! ಪ್ರದಕ್ಷಿಣೆಯನ್ನು ನಡುವೆ ಬಿಟ್ಟು ಹಿಂದಕ್ಕೆ ಬರುವುದು ಅವಳ ಜನ್ಮದಲ್ಲಿಲ್ಲ. ಎಂಟು ಓಣಿ ಸುತ್ತಿ ಎರಡನೆಯ ಸುತ್ತು ಹೊರಟರೆ, ಮೊದಲು ಹತ್ತಿದ ದೀಪಗಳ ಸರದಿಯೇ ಮತ್ತೆ ಬರುತ್ತದೆ, ಬಿಟ್ಟವು ಬಿಟ್ಟೇ ಹೋಗುತ್ತವೆ. ಅರಿವೆಯಲ್ಲಿ ಗೋಪುರವಿರಲಿಲ್ಲ, ಬರೀ ಎಳೆಗಳಿದ್ದವು. ಅಲ್ಲಿ ಅವಳ ಕೈ ತನಗೆ ಗೊತ್ತಿದ್ದ ಕೆಲಸವನ್ನು ಮಾಡಿತ್ತು. ಉಳಿದವರು ಯಾಕೆ ಸೋತರೋ ನನಗೆ ಗೊತ್ತಿಲ್ಲ, ಚಳಿಯ ದೇಶದವರಿಗೆ ಪ್ರದಕ್ಷಿಣೆಯ ಕಾಟವಂತೂ ಇರಲಾರದು.

ಕೊನೆಯ ಹೊಲಿಗೆ ಹಾಕಿ ಅರಿವೆಯನ್ನು ನನ್ನ ಕೈಗೆ ಕೊಟ್ಟಳು. ಕಪ್ಪಿನ ಮೇಲೆ ಇಡೀ ಊರು ಹಳದಿಯಾಗಿ ಹತ್ತಿಕೊಂಡಿತ್ತು. ಭಾಳ ಚಂದ ಆಗೇತಿ ಎಂದೆ.

“ಮುಂದಿನ ಮಗ್ಗಲ ಯಾರರೆ ನೋಡ್ತಾರ. ತಿರುವಿ ನೋಡು.”

ತಿರುವಿದೆ. ಹಿಂದೆಯೂ ಅದೇ ಊರು, ಅದೇ ಓಣಿಗಳು. ಒಂದು ಗಂಟಿಲ್ಲ, ಒಂದು ಹೊಲಿಗೆ ಬಿಟ್ಟಿಲ್ಲ. ದಾರಿ ಸರಿಯಿದೆ ಎನ್ನಲು ಇನ್ನು ಯಾವ ಸರ್ವರಿನ ಅಪ್ಪಣೆಯೂ ಬೇಕಿರಲಿಲ್ಲ. ನನ್ನ ಎದೆ ಉಬ್ಬಿತು, ಉಬ್ಬಿದ್ದನ್ನು ಯಾಕೆ ಮುಚ್ಚಿಡಲಿ.

ಎರಡೂ ಮಗ್ಗುಲಿನ ಫೋಟೋ ತೆಗೆದು, ದಾರಿಯನ್ನು ಹಾಳೆಯ ಮೇಲೆ ಒಂದು ಎರಡು ಎಂದು ಗುರುತು ಮಾಡಿ, ನನ್ನ ಹರಕು ಇಂಗ್ಲಿಷಿನಲ್ಲಿ ಗುಂಪಿಗೆ ಹಾಕಿದೆ. ಮರುದಿನ ಅಂಗಡಿ ತೆರೆದಾಗ ಉತ್ತರಗಳ ಸುರಿಮಳೆ. ಪೆನ್ಸಿಲ್ ಹಿಡಿದು ಓಣಿ ಓಣಿ ತಾಳೆ ನೋಡಿದವರೇ ಎಷ್ಟೋ ಜನ. ದಾರಿ ಇರಲಿಲ್ಲ ಎಂದವನು ಕ್ಷಮೆ ಕೇಳಿದ್ದ. ದೀಪದವನೂ ಬಂದು ಬರೆದಿದ್ದ: ದಾರಿ ಇದೆಯೆಂದು ನಾನೇ ಹೇಳಿದರೆ ಯಾರು ನಂಬುತ್ತಿದ್ದರು ಎಂದು ಸುಮ್ಮನಿದ್ದೆ, ಆ ಊರಿಗೆ ಎಲ್ಲಕ್ಕಿಂತ ಹೆಚ್ಚು ದುಡಿದಿದ್ದೆವು, ಒಬ್ಬರಾದರೂ ಅದನ್ನು ಪೂರಾ ನೋಡಿದರಲ್ಲ, ಇನ್ನು ನಾವು ಸೋತೆವು ಅನ್ನಿಸುವುದಿಲ್ಲ. ಯಾರದೋ ಆಧಾರ್ ಕಾರ್ಡು ಕೈಯಲ್ಲಿ ಹಿಡಿದುಕೊಂಡು ನಾನು ಅತ್ತೆ. ಆ ಗಿರಾಕಿ ಪಾಪ, ಕಾರ್ಡಿನಲ್ಲಿ ಏನಾದರೂ ತಪ್ಪಾಗಿದೆಯೇ ಎಂದು ಗಾಬರಿಯಾದ.

ಈಗ ಕೇಳಿ. ಆಟ ಮುಚ್ಚಿತು, ಊರುಗಳು ಮುಗಿಯಲಿಲ್ಲ. ಗುಂಪಿನವರು ಇನ್ನೊಂದು ಊರು ಕೊಡಿ ಎಂದು ಗಂಟುಬಿದ್ದರು. ಅಕ್ಕ ಹಾಳೆಯ ಮೇಲೆ ಊರು ಕಟ್ಟುತ್ತಾಳೆ, ಅರಿವೆಯ ಮೇಲೆ ಪರೀಕ್ಷೆ ಮಾಡುತ್ತಾಳೆ, ರಮಿಜಾ ಪಾಸು ಮಾಡಿದ ಮೇಲೆ ನಾನು ಗುಂಪಿಗೆ ಹಾಕುತ್ತೇನೆ. ಹೆಸರುಗಳು ಮಾತ್ರ ನಮ್ಮ ಕಡೆಯ ಹಳ್ಳಿಗಳವು. ಮೊದಲನೆಯದು ಬೆಳ್ಳಟ್ಟಿ, ಅದನ್ನು ವಾರದಲ್ಲಿ ಮುಗಿಸಿದರು. ಈ ತಿಂಗಳು ಕೊಟ್ಟದ್ದು ಅಂತೂರ ಬೆಂತೂರ, ಎರಡು ಊರು, ನಡುವೆ ಕೂಡಿಸುವ ಓಣಿ ಒಂದೇ. ಇನ್ನೂ ಯಾರೂ ದಾಟಿಲ್ಲ. ಭೂಮಿಯ ಯಾವ ಯಾವ ಮೂಲೆಯವರೋ ಅಂತೂರಿನ ಅಗಸೆಯಲ್ಲಿ ತಲೆ ಕೆರೆದುಕೊಂಡು ನಿಂತಿದ್ದಾರೆ, ಅವರ ಜೊತೆಗೆ ನಾನೂ.

ನಿನ್ನೆ ಭಾನುವಾರ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಸ್ಸಿನಲ್ಲಿರುವಾಗಲೇ ದೀಪದವನ ಸಂದೇಶ ಬಂದಿತ್ತು. ಎಂಟು ದಿನದಿಂದ ಅಂತೂರಿನಲ್ಲೇ ಸಿಕ್ಕಿಕೊಂಡಿದ್ದೇನೆ, ನಿದ್ದೆ ಬರುತ್ತಿಲ್ಲ, ಸಣ್ಣದೊಂದು ಸುಳಿವು ಕೊಡಲು ನಿಮ್ಮ ಅಕ್ಕನಿಗೆ ಹೇಳಿ ಎಂದಿದ್ದ. ಓದಿ ಹೇಳಿದೆ. ಅಕ್ಕ ಸೂಜಿಯಿಂದ ಕಣ್ಣು ಎತ್ತದೆ ಪೂರಾ ಕೇಳಿಸಿಕೊಂಡಳು.

“ಮೂರು ವರ್ಷ ನನ್ನ ಆಡಿಸ್ಯಾನ. ಇನ್ನೊಂದೆಂಟು ದಿನ ಅಂವಾ ಆಡ್ಲಿ ಅಂತ ಬರಿ.”

ಹಾಗೆಯೇ ಬರೆದೆ.