ಉಳಿದ ನಾಲ್ಕು ಹಿಗ್ಸ್ ಮತ್ತು ದೊಡ್ಡಮ್ಮನ ಹಕ್ಕಲು

ಹಿಗ್ಸ್ ಕಣ ಒಂದೇ ಅಲ್ಲ, ಐದಿರಬಹುದು ಎನ್ನುವ ಸಿದ್ಧಾಂತದ ಮೇಲೆ ನಾನು ನಾಲ್ಕು ವರ್ಷ ಕೂತಿದ್ದೆ. ಕಣಗಳಿಗೆ ದ್ರವ್ಯರಾಶಿ ಬರಲು ಕಾರಣವಾದ ಕ್ಷೇತ್ರ ಒಂದಿದೆ. ಅದರ ಗುರುತಾಗಿ ಒಂದು ಕಣ ಸಿಕ್ಕಿಯೂ ಆಗಿದೆ. ಅಂಥದ್ದೇ ಇನ್ನೊಂದು ಕ್ಷೇತ್ರವನ್ನು ಸಮೀಕರಣಕ್ಕೆ ಸೇರಿಸಿದರೆ ಇನ್ನೂ ನಾಲ್ಕು ಕಣ ಹೊರಬೀಳುತ್ತವೆ. ಅವು ಎಷ್ಟು ಭಾರವಿದ್ದರೆ ಎಲ್ಲಿ ಸಿಗಬೇಕು ಎಂದು ಲೆಕ್ಕ ಹಾಕುವುದು ನನ್ನ ಪಿಎಚ್‌ಡಿ. ಎಂಥ ಗತ್ತಿನ ಕೆಲಸ ಅಂದುಕೊಂಡಿದ್ದೆ!

ಯುಗಾದಿ ಹೊತ್ತಿಗೆ ಪ್ರಯೋಗದವರ ಹೊಸ ಫಲಿತಾಂಶ ಬಂತು. ನನ್ನ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ನಾನು ಬೆರಳಿಟ್ಟು ತೋರಿಸಿದ್ದ ಒಂದು ಜಾಗದಲ್ಲೂ ಕಣ ಇರಲಿಲ್ಲ. ಗೈಡ್, "ಎಲ್ಲೆಲ್ಲಿ ಇಲ್ಲ ಅನ್ನೋದನ್ನೇ ಒಂದು ಅಧ್ಯಾಯ ಮಾಡಿ ನೀಟಾಗಿ ಬರಿಯಮ್ಮ" ಎಂದರು. ಮೈಯೆಲ್ಲ ಉರಿದುಹೋಯಿತು. ಇಲ್ಲ ಅನ್ನುವುದಕ್ಕೆ ನಾಲ್ಕು ವರ್ಷ ಬೇಕಿತ್ತೇ? ಆರು ತಿಂಗಳು ಮುಖ ಊದಿಸಿಕೊಂಡು ಓಡಾಡಿದೆ. ಕೊನೆಗೆ ಪಿಎಚ್‌ಡಿ ಬಿಡುತ್ತೇನೆಂದು ಫೋನಿನಲ್ಲಿ ಮೇಲ್ ಬರೆದು, ಕಳಿಸುವ ಧೈರ್ಯ ಸಾಲದೆ, ಶಿರಾದಲ್ಲಿ ಬಸ್ಸು ಬದಲಿಸಿ ಬರಗೂರಿನ ಕಡೆಯ ದೊಡ್ಡಮ್ಮನ ಊರಿಗೆ ಬಂದುಬಿಟ್ಟೆ.

ಕಡಲೆಕಾಯಿ ಕಿತ್ತು ಮುಗಿದಿದ್ದ ದಿನಗಳು. ಗಿಡ ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಕಾಯಿ ಹಕ್ಕಲಾಯುವವರದು. ಹೊಲದವರು ಬೇಡ ಅನ್ನುವುದಿಲ್ಲ. ದೊಡ್ಡಮ್ಮ ನನ್ನ ಕೈಗೂ ಒಂದು ಗುದ್ದಲಿ ಕೊಟ್ಟು ಹೊರಡಿಸಿದಳು. ನನ್ನ ಐದು ಕಣದ ಕತೆಯನ್ನು ಹಿಂದಿನ ರಾತ್ರಿಯೇ ಕೇಳಿದ್ದಳು; ದಾರಿಯಲ್ಲೇ ವಿಚಾರಣೆ ಶುರುವಾಯಿತು.

"ಒಂದು ಸಿಕ್ಕೈತಲ್ಲ, ಇನ್ನು ನಾಲ್ಕವೆ ಅಂತ ಯಾರೇಳಿದ್ರೇ ನಿಂಗೆ?"

"ಲೆಕ್ಕ ಹೇಳುತ್ತೆ ದೊಡ್ಡಮ್ಮ."

"ಅವೆ ಅಂತದೋ, ಇರಬೌದು ಅಂತದೋ?"

"ಇರಬಹುದು ಅನ್ನುತ್ತೆ."

"ಅಯ್ಯೋ ನಿನ್ನ! ಅಂಗಾರೆ ನಿಂದೂ ಹಕ್ಕಲೇ ಕಣೇ. ಇದುಕ್ಕೆ ಅಷ್ಟು ಓದ್ಬೇಕಾಗಿತ್ತಾ?"

ಹಕ್ಕಲಿಗೆ ಬಂದ ಹೆಂಗಸರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿಯುತ್ತಾರೆ. ಕೆದಕಿ ಮುಗಿಸಿದ ಸಾಲಿನ ತುದಿಗೆ ಒಂದು ಮಣ್ಣಿನ ಹೆಂಟೆ ಇಡುವುದು ಅಲ್ಲಿನ ರೂಢಿ. ಹೆಂಟೆ ಕಂಡರೆ ಹಿಂದೆ ಬಂದವರು ಆ ಸಾಲು ಮುಟ್ಟುವುದಿಲ್ಲ. ದೊಡ್ಡಮ್ಮ ಇದನ್ನು ಎರಡೆರಡು ಸಲ ಹೇಳಿದ್ದಳು.

ನನ್ನ ಸಾಲೋ, ಬರೀ ಮಣ್ಣು. ಸೊಂಟ ಬಿದ್ದುಹೋಗುವಷ್ಟು ಕೆದಕಿದರೂ ಸಿಕ್ಕಿದ್ದು ಮೂರು ಜೊಳ್ಳು ಕಾಯಿ. ಅಕ್ಕಪಕ್ಕದವರ ಮಡಿಲು ತುಂಬುತ್ತಿತ್ತು. ಹೆಂಟೆ ಇಟ್ಟರೆ ನಾನು ಮುಗಿಸಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಅಷ್ಟು ಓದಿದವಳಿಗೆ ಮೂರೇ ಕಾಯಿ ಎಂದು ನಗುತ್ತಾರೆ. ಯಾರೂ ನೋಡದಾಗ ಮೆಲ್ಲಗೆ ಎದ್ದು ಬೇರೆ ಸಾಲಿಗೆ ಹೋದೆ.

ಊಟದ ಹೊತ್ತಿಗೆ ಆ ಕಡೆಯಿಂದ ಬೈಗುಳ ಕೇಳಿಸಿತು. ತಡವಾಗಿ ಬಂದ ಅಜ್ಜಿಯೊಬ್ಬರು ನಾನು ಬಿಟ್ಟ ಸಾಲನ್ನೇ ಮೊದಲಿಂದ ಕೊನೆಯವರೆಗೂ ಕೆದಕಿದ್ದರು.

"ಯಾವಳೇ ಅವ್ಳು, ಹೆಂಟೆ ಇಕ್ದೆ ಎದ್ದೋದೋಳು? ನನ್ ಸೊಂಟ ಮುರ್ದೋಯ್ತಲ್ಲೇ!"

ನಾನು ತಲೆ ತಗ್ಗಿಸಿದೆ. ದೊಡ್ಡಮ್ಮನಿಗೆ ಅಷ್ಟೇ ಸಾಕಾಯಿತು.

"ನೀನಾ?"

"ಏನೂ ಸಿಗಲಿಲ್ಲ ದೊಡ್ಡಮ್ಮ. ನಾಚಿಕೆಯಾಯ್ತು."

"ಕಾಯಿ ಇಲ್ದಿದ್ರೆ ನಿಂದೇನೇ ತಪ್ಪು? ಆವಮ್ಮ ಇಷ್ಟೊತ್ತೂ ಸುಮ್ಸುಮ್ನೆ ಕೆದಕ್ತಲ್ಲ, ಅದುಕ್ಕೆ ನಾಚ್ಕೊ. ಓಗು, ಹೆಂಟೆ ಇಕ್ಕಿ ಬಾ."

ಹೋಗಿ ಇಟ್ಟೆ. ತಪ್ಪಾಯ್ತಜ್ಜಿ ಎಂದೆ. ಅಜ್ಜಿ ನನ್ನ ನೀರಿನ ಬಾಟಲಿ ಇಸಿದುಕೊಂಡು ಪೂರ್ತಿ ಕುಡಿದು, ಗಂಟಲು ಸರಿಯಾದ ಮೇಲೆ ಇನ್ನೊಂದು ಸುತ್ತು ಬೈದರು.

ಬದುವಿನ ಮೇಲೆ ಕೂತು ಫೋನು ತೆಗೆದೆ. ಪಿಎಚ್‌ಡಿ ಬಿಡುವ ಮೇಲ್ ಅಳಿಸಿದೆ. "ಆ ಅಧ್ಯಾಯ ಬರೆಯುತ್ತೇನೆ ಸರ್, ಎಲ್ಲೆಲ್ಲಿ ಇಲ್ಲ ಎಂಬುದನ್ನು ಒಂದೂ ಬಿಡದೆ ಬರೆಯುತ್ತೇನೆ, ಸ್ವಲ್ಪ ಸಮಯ ಕೊಡಿ" ಎಂದು ಗೈಡ್‌ಗೆ ಕಳಿಸಿ, ದೊಡ್ಡ ಸಾಧನೆ ಮಾಡಿದವಳಂತೆ ಮುದ್ದೆಗೆ ಕೈ ಹಾಕಿದೆ.

ಊಟ ಮುಗಿಯುವುದರೊಳಗೆ ಉತ್ತರ ಬಂತು.

"ಸಂತೋಷ. ಬೇರೆ ಊರಿನ ಹುಡುಗಿಯೊಬ್ಬಳು ನೆನ್ನೆ ನನಗೆ ಬರೆದಿದ್ದಾಳೆ. ನೀನು ನೋಡಿದ ಜಾಗದಲ್ಲೇ ಅವಳೂ ಲೆಕ್ಕ ಮಾಡುತ್ತಿದ್ದಾಳಂತೆ. ಶುರುಮಾಡಿ ಐದು ತಿಂಗಳಾಯಿತಂತೆ. ಆ ಜಾಗವನ್ನು ಯಾರಾದರೂ ಮೊದಲೇ ನೋಡಿದ್ದಾರಾ ಎಂದು ಕೇಳಿದ್ದಾಳೆ. ಏನು ಹೇಳಲಿ?"

ಮುದ್ದೆ ಪಕ್ಕಕ್ಕಿಟ್ಟೆ. ನಾನೇ ಹೇಳುತ್ತೇನೆ ಎಂದು ಅವಳ ವಿಳಾಸ ಇಸಿದುಕೊಂಡು, ಎಂಜಲುಗೈಯಲ್ಲೇ ಬರೆದೆ: "ಅಲ್ಲಿ ಏನೂ ಇಲ್ಲ ಕಣಮ್ಮ. ನಾನು ಯುಗಾದಿಗೇ ನೋಡಿಯಾಗಿತ್ತು. ನಾಚಿಕೆಯಿಂದ ಸುಮ್ಮನಿದ್ದೆ."