ಎಯ್ನೊ ತಾತನಿಗೆ ಓದದೆ ಉಳಿದ ಮ್ಯಾಚು

ಏಲಕ್ಕಿ ವಾಸನೆ ಬಂದರೆ ನಿಮಗೆ ಪಾಯಸ ನೆನಪಾಗುತ್ತದೋ, ಹೋಳಿಗೆ ಹೂರಣ ನೆನಪಾಗುತ್ತದೋ ಗೊತ್ತಿಲ್ಲ. ನನಗೆ ಮಾತ್ರ ಫುಟ್‌ಬಾಲ್ ನೆನಪಾಗುತ್ತದೆ. ನಗಬೇಡಿ. ಮೆಲ್ಬರ್ನಿನ ನನ್ನ ಆಫೀಸಿನ ಕೆಳಗೆ ಈಚೆಗೊಂದು ಬೇಕರಿ ತೆರೆದಿದ್ದಾರೆ. ಹೋದ ಶುಕ್ರವಾರ ಟ್ರ್ಯಾಮ್ ಇಳಿದು ಆ ಕಡೆ ಹೆಜ್ಜೆ ಹಾಕುತ್ತಿದ್ದೆ, ಬೆಣ್ಣೆ, ಬೇಯುತ್ತಿರುವ ಹಿಟ್ಟು, ಆಗತಾನೇ ಕುಟ್ಟಿದ ಏಲಕ್ಕಿ ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಫುಟ್‌ಪಾತಿನ ನಡುವೆಯೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದವನೊಬ್ಬ ನನಗೆ ಡಿಕ್ಕಿ ಹೊಡೆದು, ತಾನೇ ಸಾರಿ ಹೇಳಿ ಹೋದ. ನಾನಾಗಲೇ ಸಿಡ್ನಿಯ ಗಿರಾವೀನ್‌ನಲ್ಲಿದ್ದೆ, ಹನ್ನೊಂದು ವರ್ಷದವಳಾಗಿ, ಎಯ್ನೊ ತಾತನ ಅಡುಗೆಮನೆಯಲ್ಲಿ.

ಗಿರಾವೀನ್‌ನಲ್ಲಿ ನಮ್ಮದು ಬಾಡಿಗೆ ಮನೆ. ಮನೆ ಅನ್ನೋದೂ ಹೆಚ್ಚೇ, ಎಯ್ನೊ ತಾತನ ಮನೆಯ ಹಿತ್ತಲಲ್ಲಿದ್ದ ಗ್ರ್ಯಾನಿ ಫ್ಲ್ಯಾಟು. ಅಪ್ಪ ಗೋಡೌನಿನಲ್ಲಿ ಶಿಫ್ಟು, ಅಮ್ಮ ಪ್ಯಾರಮಟ್ಟಾದಲ್ಲಿ ಚೈಲ್ಡ್‌ಕೇರ್ ಕೆಲಸ. ಊರವರ ಮಕ್ಕಳನ್ನೆಲ್ಲ ನೋಡಿಕೊಂಡು ಅಮ್ಮ ವಾಪಸು ಬರುವ ಹೊತ್ತಿಗೆ ಆರು ಗಂಟೆ ದಾಟುತ್ತಿತ್ತು. ಶಾಲೆ ಮುಗಿಸಿ ಬಂದ ನಾನು ಅಲ್ಲಿಯವರೆಗೆ ತಾತನ ಅಡುಗೆಮನೆಯಲ್ಲಿ ಕೂತಿರಬೇಕು ಅಂತ ಏರ್ಪಾಡು. ತಾತ ಫಿನ್ಲೆಂಡಿನವರು, ಹರೆಯದಲ್ಲೇ ಹಡಗು ಹತ್ತಿ ಬಂದಿಳಿದ ಬಡಗಿ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಾನು ಮೊದಲು ಬರೀ ಎಯ್ನೊ ಅಂತಲೇ ಕರೆಯುತ್ತಿದ್ದೆ. 'ಅಷ್ಟು ವಯಸ್ಸಾದವರನ್ನ ಹೆಸರು ಹಿಡಿದು ಕರೀತೀಯಲ್ಲೇ, ನಾಲಿಗೆ ಬಿದ್ಹೋಗುತ್ತೆ' ಅಂತ ಅಮ್ಮ ಗದರಿದ ಮೇಲೆ ಅವರು ಎಯ್ನೊ ತಾತ ಆದರು. ಅವರ ಕಣ್ಣು ಕೆಡುತ್ತಾ ಬಂದಿತ್ತು. ನಡುವೆ ಮಸಿ ಮೆತ್ತಿದಂತಾಗಿ ಅಂಚಿನಲ್ಲಿರುವುದು ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಹಾಗಾಗಿ ನನ್ನನ್ನು ನೋಡಬೇಕಾದರೆ ಪಕ್ಕದ ಗೋಡೆಯನ್ನು ನೋಡುತ್ತಿದ್ದರು. ಹೊಸಬರಿಗೆ ಅದು ವಿಚಿತ್ರ ಅನ್ನಿಸುತ್ತಿತ್ತು. ನನಗೆ ಮಾತ್ರ, ತಾತ ಗೋಡೆ ಕಡೆ ತಿರುಗಿದರೆ ನನ್ನನ್ನೇ ದಿಟ್ಟಿಸುತ್ತಿದ್ದಾರೆ ಅಂತ ಗೊತ್ತಿತ್ತು.

ಅವರೂರಿನದೊಂದು ಫುಟ್‌ಬಾಲ್ ಕ್ಲಬ್ಬಿತ್ತು. ಅದರ ಹೆಸರನ್ನು ತಾತ ಹೇಳಿದ್ದೇ ಕಡಿಮೆ, 'ನಮ್ಮೂರಿನವರು' ಅಷ್ಟೇ. ನಮ್ಮೂರಿನವರು ಆಡುವ ಹೊತ್ತಿಗೆ ಇಲ್ಲಿ ನಾವು ಗಾಢ ನಿದ್ದೆಯಲ್ಲಿರುತ್ತಿದ್ದೆವು. ಮಾರನೆಯ ದಿನ ಅವರೂರಿನ ಪತ್ರಿಕೆಯ ವರದಿ ಕಂಪ್ಯೂಟರಿನಲ್ಲಿ ಬರುತ್ತಿತ್ತು. ಅದನ್ನು ಓದಲಿಕ್ಕೆ ತಾತನಿಗೆ ಕಣ್ಣಿಲ್ಲ. ನನಗೆ ಕಣ್ಣಿತ್ತು, ಭಾಷೆ ಇರಲಿಲ್ಲ. 'ಸುಮ್ಮನೆ ಓದು, ಅರ್ಥ ನಾನು ಮಾಡ್ಕೋತೀನಿ' ಅಂದರು. ನಾನು ಇಂಗ್ಲಿಷ್ ಓದಿದ ಹಾಗೆ ಓದಿದೆ. ತಾತ ಕಿವಿ ಮುಚ್ಚಿಕೊಂಡರು. 'ನಮ್ಮ ಭಾಷೆಯಲ್ಲಿ ಒಂದು ಅಕ್ಷರಕ್ಕೆ ಒಂದೇ ಸದ್ದು, ಎಳೆದರೆ ಎರಡು ಸಲ ಬರೀತೀವಿ, ಒತ್ತಿದರೆ ಎರಡು ಸಲ ಬರೀತೀವಿ' ಅಂತ ಹೇಳಿಕೊಟ್ಟರು. ಅದನ್ನು ಕೇಳಿಸಿಕೊಂಡ ಅಮ್ಮ, 'ಅಯ್ಯೋ, ಹಂಗಾದ್ರೆ ಕನ್ನಡದಲ್ಲಿ ಬರ್ಕೊಂಡು ಓದೇ! ದೀರ್ಘ ಇದೆ, ಒತ್ತಕ್ಷರ ಇದೆ, ಇನ್ನೇನು ಬೇಕು?' ಅಂದಳು. ಆಮೇಲೆ ಶನಿವಾರ ಶನಿವಾರ ಅಡುಗೆಮನೆ ಮೇಜಿನ ಸುತ್ತ ಮೂವರೂ ಕೂರುತ್ತಿದ್ದೆವು. ತಾತ ಸದ್ದು ಹೇಳುತ್ತಿದ್ದರು, ಅಮ್ಮ ಅಕ್ಷರ ಹೇಳಿಕೊಡುತ್ತಿದ್ದಳು, ನಾನು ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. 'ಮೂರು ವರ್ಷದಿಂದ ಅಆಇಈ ತಿದ್ದು ಅಂತ ಬಡ್ಕೊಂಡ್ರೂ ಕಲೀಲಿಲ್ಲ. ಈಗ ಯಾವ್ದೋ ದೇಶದ ಫುಟ್‌ಬಾಲಿಗೋಸ್ಕರ ಕಲೀತಾ ಇದಾಳೆ, ನೋಡಿ ಇವಳ ಕೊಬ್ಬು!' ಅಂತ ಅಮ್ಮ ಅಪ್ಪನ ಹತ್ತಿರ ಹೇಳಿದ್ದು ಬೈಗುಳವಲ್ಲ, ಅವಳಿಗೆ ಖುಷಿ ತಡೆಯಲಾಗಿರಲಿಲ್ಲ. ನಾನು ಈಗ ಹೀಗೆ ಕನ್ನಡ ಬರೆಯುತ್ತಿದ್ದೇನಲ್ಲ, ಅದು ಬಂದದ್ದು ಆ ಮೇಜಿನಿಂದ. ಓದುತ್ತಾ ಓದುತ್ತಾ ನಾಲ್ಕು ಮಾತು ಕಿವಿಗೆ ಹತ್ತಿದವು. ಮಾಲಿ ಅಂದರೆ ಗೋಲು. ವೊಯ್ತೊ ಅಂದರೆ ಗೆಲುವು. ತಪ್ಪಿಯೊ ಅಂದರೆ ಸೋಲು. ನಮ್ಮೂರಿನವರು ಗೋಲು ಬಿಟ್ಟುಕೊಟ್ಟ ಸಾಲು ಬಂದಾಗ ತಾತ ತೊಡೆ ಸವರಿಕೊಂಡು 'ವೊಯ್ ವೊಯ್' ಅನ್ನುತ್ತಿದ್ದರು. ಅದು ನಮ್ಮ ಅಯ್ಯಯ್ಯೋ ಇದ್ದ ಹಾಗೆ, ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಆ ವರ್ಷ ನಮ್ಮೂರಿನವರಿಗೆ ಯೂರೋಪಿನ ಟೂರ್ನಿಗೆ ಹೋಗುವ ಅವಕಾಶ ಸಿಕ್ಕಿತ್ತು, ಹಿಂದಿನ ವರ್ಷ ದೇಶದ ಕಪ್ ಗೆದ್ದಿದ್ದರಲ್ಲ, ಅದಕ್ಕೆ. ಮೊದಲು ಅರ್ಹತಾ ಸುತ್ತುಗಳು. ಒಬ್ಬ ಎದುರಾಳಿಯ ಜೊತೆ ಎರಡು ಮ್ಯಾಚು, ಒಂದು ನಮ್ಮೂರಲ್ಲಿ, ಒಂದು ಅವರೂರಲ್ಲಿ, ಎರಡರ ಗೋಲೂ ಸೇರಿಸಿ ಯಾರು ಹೆಚ್ಚೋ ಅವರು ಮುಂದಕ್ಕೆ. ಒಂದು ಸುತ್ತು ಗೆದ್ದರು, ಇನ್ನೊಂದು ಗೆದ್ದರು. ಗುರುವಾರ ಪರದೇಶದಲ್ಲಿ ಆಡಿ ಭಾನುವಾರ ಊರಿಗೆ ಬಂದು ಲೀಗ್ ಆಡಿ, ಹುಡುಗರ ಕಾಲು ಸೋತುಹೋಗಿ, ಲೀಗಿನಲ್ಲಿ ಮಾತ್ರ ಕೆಳಗೆ ಕೆಳಗೆ ಜಾರುತ್ತಿದ್ದರು. ತಾತನಿಗೆ ಅದರ ಚಿಂತೆ. ನನಗೆ ಬೇರೆಯದೇ ಚಿಂತೆ. ತಾತನ ಅಣ್ಣನ ಮಗ ಬಂದು, ಈ ಕಣ್ಣಿಟ್ಟುಕೊಂಡು ಒಬ್ಬರೇ ಇರೋದು ಸಾಕು, ವೃದ್ಧರ ಹೋಮಿಗೆ ಸೇರಿ ಅಂತ ಹಟ ಹಿಡಿದಿದ್ದ. ತಾತ, 'ನಮ್ಮೂರಿನವರ ಆಟ ಮುಗೀಲಿ, ಆಮೇಲೆ ಹೋಗ್ತೀನಿ' ಅಂತ ಮಾತು ಕೊಟ್ಟಿದ್ದರು. ಲೀಗ್ ಮುಗಿಯುವುದು ಅಕ್ಟೋಬರಿನಲ್ಲಿ. ಯೂರೋಪಿನ ಕೊನೆಯ ಅರ್ಹತಾ ಸುತ್ತು ಗೆದ್ದರೆ ಆಟ ಡಿಸೆಂಬರಿನವರೆಗೂ ನಡೆಯುತ್ತದೆ. ನಾನು ಬೆರಳು ಮಡಿಸಿ ಎಣಿಸಿದ್ದೆ. ಗೆದ್ದರೆ ಶಾಲೆಗೆ ಬೇಸಿಗೆ ರಜೆ ಬರುವವರೆಗೂ ತಾತ ಇರುತ್ತಾರೆ. ಸೋತರೆ ಬರುವ ಎರಡು ತಿಂಗಳಲ್ಲಿ ಹೊರಡುತ್ತಾರೆ, ನಾನು ಆ ಖಾಲಿ ಫ್ಲ್ಯಾಟಿನಲ್ಲಿ ದಿನಾ ಒಬ್ಬಳೇ ಕೂರಬೇಕು. ನನಗೆ ಆಗ ಬೇರೆ ಸ್ನೇಹಿತರಿರಲಿಲ್ಲ, ಅದನ್ನು ಹೇಳಿಕೊಳ್ಳಲಿಕ್ಕೆ ಈಗೇನು ನಾಚಿಕೆ.

ಕೊನೆಯ ಸುತ್ತಿನ ಮೊದಲ ಮ್ಯಾಚನ್ನು ನಮ್ಮೂರಿನವರು ತಮ್ಮೂರಲ್ಲೇ ಗೆದ್ದರು. ಊರಿನವನೇ ಆದ ಒಬ್ಬ ಎಳೇ ಹುಡುಗ ಗೋಲು ಹೊಡೆದಿದ್ದ. ಆ ವರದಿಯನ್ನು ತಾತ ನನ್ನಿಂದ ಎರಡೆರಡು ಸಲ ಓದಿಸಿಕೊಂಡರು. ಮುಂದಿನ ಶುಕ್ರವಾರ ಎರಡನೆಯದರ ವರದಿ. ಶುಕ್ರವಾರ ತಾತ ಏಲಕ್ಕಿ ಬನ್ನು ಮಾಡುವ ದಿನ. ಬನ್ನು ಒಲೆಯೊಳಗೆ ಬೇಯುವಷ್ಟು ಹೊತ್ತು ನಾನು ಕಂಪ್ಯೂಟರ್ ನೋಡಿಕೊಂಡು ಬರೆದುಕೊಳ್ಳಬೇಕು, ಆ ಹೊತ್ತಿನಲ್ಲಿ ತಾತ ಏನೂ ಕೇಳುವಂತಿಲ್ಲ, ನಾನು ಬಾಯಿ ಬಿಡುವಂತಿಲ್ಲ. ತೆರೆದ ಕೂಡಲೇ ತಲೆಬರಹದಲ್ಲೇ ಇತ್ತು, ತಪ್ಪಿಯೊ. ಮೊದಲ ಮ್ಯಾಚಿನ ಗೋಲು ಸೇರಿಸಿದರೂ ಸಾಲದಷ್ಟು ದೊಡ್ಡ ಸೋಲು. ಪೆನ್ನಿನ ಸದ್ದು ನಿಂತರೆ ತಾತನಿಗೆ ಗೊತ್ತಾಗುತ್ತದಲ್ಲ ಅಂತ ಪೂರ್ತಿ ಬರೆದುಕೊಂಡೆ. ಬನ್ನು ಮೇಜಿಗೆ ಬಂತು. 'ಹೂಂ, ಓದು' ಅಂದರು. ನಾನು ಹಾಳೆ ಹಿಂದಕ್ಕೆ ತಿರುಗಿಸಿ, ಹೋದ ವಾರದ ಗೆಲುವಿನ ವರದಿಯನ್ನೇ ಓದಿಬಿಟ್ಟೆ. ತಾತನಿಗೆ ಬೇಜಾರಾಗಬಾರದು ಅಂತಲ್ಲ. ನನಗಾಗಿ ಓದಿದೆ. ಎಂಥಾ ದಡ್ಡಿ ನೋಡಿ, ಭಾಷೆ ಗೊತ್ತಿಲ್ಲದವಳು ನಾನು, ಅವರಲ್ಲ.

ತಾತ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಒಂದು ಬನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿ, 'ಅದೇ ಹುಡುಗ, ಅದೇ ನಿಮಿಷಕ್ಕೆ ಮತ್ತೆ ಗೋಲು ಹೊಡೆದನಾ? ಭಾರಿ ಗಟ್ಟಿಗ!' ಅಂದರು. ಆಮೇಲೆ ಗೋಡೆ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಬನ್ನು ತಿನ್ನುತ್ತಲೇ ಇದ್ದೆ. 'ಇವತ್ತಿಗೆ ಇದು ಇರಲಿ. ಇವತ್ತಿನದನ್ನ ನಾಳೆ ಓದು' ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಮ್ಮ ಉಪ್ಪಿಟ್ಟು ಕೊಡಲಿಕ್ಕೆ ಹೋದಾಗ ತಾತ ಅಡುಗೆಮನೆಯಲ್ಲಿ ಬಿದ್ದಿದ್ದರು. ಆಂಬುಲೆನ್ಸ್ ಬಂತು. ಆಸ್ಪತ್ರೆಗೆ ನೋಟ್‌ಬುಕ್ ತಗೊಂಡು ಬರ್ತೀನಿ ಅಂತ ನಾನು ಅಳುತ್ತಾ ಹಟ ಹಿಡಿದೆ, ಚಿಕ್ಕವಳು ಬೇಡ ಅಂತ ಅಪ್ಪ ಅಮ್ಮ ಅಂದರು. ಮೂರನೆಯ ದಿನ ಅಮ್ಮ ಬೇಗ ಮನೆಗೆ ಬಂದು ನನ್ನನ್ನು ಮಡಿಲಿಗೆ ಎಳೆದುಕೊಂಡಳು, ಹೇಳಬೇಕಾಗಿರಲಿಲ್ಲ. ಲೀಗ್ ಇನ್ನೂ ನಡೆದಿತ್ತು. ನಾನು ಬಿಡದೆ ಪೆಂಡಲ್ ಹಿಲ್ಲಿನ ಲೈಬ್ರರಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಿಂದ ವರದಿ ಬರೆದುಕೊಂಡೆ. ಕೊನೆಯ ದಿನ ನಮ್ಮೂರಿನವರು ಹೇಗೋ ಡ್ರಾ ಮಾಡಿಕೊಂಡು ಕೆಳಗಿನ ಡಿವಿಜನ್ನಿಗೆ ಬೀಳದೆ ಉಳಿದರು. ತಾತನ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಬೀಗ ಹಾಕಿದ ಬಾಗಿಲಿಗೆ ಅದನ್ನು ಗಟ್ಟಿಯಾಗಿ ಓದಿದೆ. ಆ ಸೋಲಿನ ವರದಿಯನ್ನು ಮಾತ್ರ ಬಾಗಿಲಿಗೂ ಓದಲಿಲ್ಲ. ಅಣ್ಣನ ಮಗ ಮನೆ ಮಾರಿದ, ನಾವು ಬೇರೆ ಸಬರ್ಬಿಗೆ ಹೋದೆವು. ಈಗ ಅಲ್ಲಿ ಎರಡು ಮಹಡಿಯ ಜೋಡಿ ಮನೆಗಳಿವೆ, ಅಡುಗೆಮನೆ ಇದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ.

ಆ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಅದನ್ನು ಕನ್ನಡದವರು ಓದಬಹುದು, ಅರ್ಥವಾಗುವುದಿಲ್ಲ. ಫಿನ್ಲೆಂಡಿನವರಿಗೆ ಅರ್ಥವಾಗುತ್ತದೆ, ಓದಲಿಕ್ಕೆ ಬರುವುದಿಲ್ಲ. ಅದು ಪೂರ್ತಿಯಾಗಬೇಕಾದರೆ ಮೇಜಿನ ಈ ಕಡೆ ನಾನು, ಆ ಕಡೆ ಅವರು ಕೂರಬೇಕಾಗಿತ್ತು. ಫೋನಿಗೆ ಕೇಳಿಸಿದರೆ ಅದು ಅರ್ಥ ಹೇಳುತ್ತದೆ ಅಂತ ಅನ್ನುತ್ತೀರಿ, ಗೊತ್ತು. ಬೇಡ. ಹೋದ ಶುಕ್ರವಾರ ಬೇಕರಿಯಿಂದ ಎರಡು ಬನ್ನು ಕಟ್ಟಿಸಿಕೊಂಡು ಬಂದೆ, ಒಬ್ಬಳೇ ಇರುವ ಮನೆಗೆ ಎರಡು ಯಾಕೋ. ಮೇಜಿನ ಮೇಲಿಟ್ಟು, ಆ ಹಾಳೆ ತೆರೆದು, ಸೋಲಿನ ವರದಿಯನ್ನು ಮೊದಲ ಸಲ ಗಟ್ಟಿಯಾಗಿ ಓದಿದೆ. ಹನ್ನೊಂದು ವರ್ಷದವಳ ಕೈಬರಹ, ದೀರ್ಘಗಳೆಲ್ಲ ಹಾಳೆಯಾಚೆಗೆ ಬಾಲ ಬಿಟ್ಟಿದ್ದವು. ಎದುರಾಳಿಗಳ ಮಾಲಿ ಬಂತು, ಇನ್ನೊಂದು ಬಂತು. ಪ್ರತಿ ಸಲವೂ ಅಭ್ಯಾಸದಂತೆ ನಿಲ್ಲಿಸಿ ಕಾದೆ. ಮೂರನೆಯದಕ್ಕೆ ತಡೆಯಲಾಗಲಿಲ್ಲ. ಗೋಡೆ ಕಡೆ ತಿರುಗಿ, ವೊಯ್ ವೊಯ್ ಅಂತ ನಾನೇ ಅಂದೆ.